ಸಂಜೆ ಜಗಲಿಯಲ್ಲಿ ಹತ್ತು ನಿಮಿಷ

ಆರಿದ್ರ ಮಳೆ ಹಿಡಿದು ನಾಲ್ಕನೆಯ ದಿನ. ನಮ್ಮ ನಾಯಿ ಕರಿಯ, ಜಗಲಿಯ ಮೂಲೆಯಲ್ಲಿ ಕುಳಿತು ಒಂದೇ ಸಮನೆ ಸೀನುತ್ತಿದ್ದ. ನೆಲದ ಮೇಲೆ ರಕ್ತದ ಸಣ್ಣ ಹನಿಗಳು. ಬೇಲಿ ತರಚಿರಬೇಕು ಎಂದುಕೊಂಡು ಬಾಯಿ, ಕಿವಿ, ಪಾದ ಎಲ್ಲ ನೋಡಿದೆ. ಗಾಯವಿರಲಿಲ್ಲ. ರಕ್ತ ಒಸರುತ್ತಿದ್ದುದು ಎಡ ಹೊಳ್ಳೆಯಿಂದ ಮಾತ್ರ. ಅತ್ತೆ ಒಳಗಿನಿಂದ ಬಂದು ನೋಡಿದವರೇ, "ಹಳ್ಳದ ನೀರು ಕುಡಿದಿದ್ದಾನೆ ಕಣೇ, ಮೂಗಿಗೆ ಇಂಬಳ ಹೊಕ್ಕಿದೆ. ಮಧ್ಯಾಹ್ನದವರೆಗೆ ನೀರು ಕೊಡಬೇಡ" ಎಂದರು.

ಇಂಬಳವೆಂದರೆ ರಕ್ತ ಹೀರುವ ಜಿಗಣೆ. ಅತ್ತೆ ಹೇಳಿದ ಹಾಗೇ ಮಾಡಿದೆವು. ಊಟದ ಹೊತ್ತಿಗೆ ಅವನ ಮುಂದೆ ಅಗಲವಾದ ಬೋಗುಣಿಯಲ್ಲಿ ತಣ್ಣೀರು ಇಟ್ಟೆ. ಬಾಯಾರಿದ್ದ ಕರಿಯ ಮೂತಿ ತಗ್ಗಿಸಿದ. ಹೊಳ್ಳೆಯ ಅಂಚಿನಲ್ಲಿ ಕಪ್ಪು ದಾರದ ತುದಿಯಂಥದ್ದೊಂದು ಕಾಣಿಸಿತು. ನೀರಿನತ್ತ ಉದ್ದವಾಗಿ ಚಾಚಿ, ಅವನು ತಲೆ ಎತ್ತಿದೊಡನೆ ಒಳಗೆ ಸರಿಯಿತು. ಎರಡು ಸಲ ಕೈಗೆ ಸಿಕ್ಕಿ ಜಾರಿತು. ಮೂರನೆಯ ಸಲ ಬೆರಳಿಗೆ ಒಣ ಬಟ್ಟೆ ಸುತ್ತಿಕೊಂಡು ಹಿಡಿದೆ. ಜಗ್ಗಲಿಲ್ಲ, ಬಿಗಿಹಿಡಿದು ಕಾದೆ. ಅದು ತಾನಾಗಿಯೇ ಕಚ್ಚಿದ್ದನ್ನು ಬಿಟ್ಟಿತು. ಮೂಗಿಗೆ ಉಪ್ಪುನೀರು, ಹೊಗೆಸೊಪ್ಪಿನ ನೀರು ಹಿಂಡುವವರಿದ್ದಾರೆ. ದಯವಿಟ್ಟು ಬೇಡ, ಒಳಗಿನ ಚರ್ಮ ಸುಟ್ಟುಹೋಗುತ್ತದೆ. ನೀರು ತೋರಿಸಿದರೂ ಇಂಬಳ ಹೊರಬರದಿದ್ದರೆ ಪಶುವೈದ್ಯರು ಮಂಪರು ಕೊಟ್ಟು ತೆಗೆಯುತ್ತಾರೆ.

ಅವನು ಮೂರು ದಿನದಿಂದ ಸೀನುತ್ತಿದ್ದ. ನನ್ನ ಕಿವಿಗೆ ಬಿದ್ದಿತ್ತು, ಕೈ ಮಾತ್ರ ಹೋಗಿರಲಿಲ್ಲ. ಅಂದಿನಿಂದ ಒಂದು ರೂಢಿ ಮಾಡಿಕೊಂಡೆ. ದೀಪ ಹಚ್ಚುವ ಮೊದಲು ಜಗಲಿಯಲ್ಲಿ ಕುಳಿತು ಕರಿಯ, ಚುಕ್ಕಿ ಎಂಬ ಎರಡು ನಾಯಿಗಳನ್ನೂ ಬೆಳ್ಳಿ ಎಂಬ ಬೆಕ್ಕನ್ನೂ ಮೂಗಿನಿಂದ ಬಾಲದವರೆಗೆ ಕೈಯಿಂದ ತಡವಿ ನೋಡುತ್ತೇನೆ. ಹತ್ತು ನಿಮಿಷ ಸಾಕು.

ಸಂಜೆಯ ಹೊತ್ತನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ನಮ್ಮದು ಹೊಸನಗರ ತಾಲ್ಲೂಕಿನ ಒಂಟಿಮನೆ. ಮುಂದೆ ಅಡಿಕೆ ತೋಟ, ಹಿಂದೆ ಕಾಡು. ಮಬ್ಬುಗತ್ತಲಾದ ಮೇಲೆ ಚಿರತೆಯ ಹೊತ್ತು. ಅಂಗಳದಲ್ಲಿ ಸರಪಳಿ ಹಾಕಿ ಕಟ್ಟಿದ ನಾಯಿಗೆ ಓಡುವ ದಾರಿಯೂ ಇಲ್ಲ. ಹೊಸದಾಗಿ ಬಂದ ವರ್ಷ ನಮ್ಮ ಮೊದಲ ನಾಯಿಯನ್ನು ಕಳೆದುಕೊಂಡದ್ದು ಹಾಗೆಯೇ. ಬೆಳಿಗ್ಗೆ ಸರಪಳಿ ಮಾತ್ರ ಉಳಿದಿತ್ತು. ಈಗ ಕತ್ತಲಾಗುವ ಮುಂಚೆ ಎಲ್ಲರೂ ಒಳಗೆ. ಒಳಗೆ ಬರುವವರನ್ನು ಬಾಗಿಲಲ್ಲೇ ತಡವಿ ನೋಡುವುದು ಸುಲಭ.

ಮಳೆಗಾಲಕ್ಕೆ ಮುಂಚಿನ ದೊಡ್ಡ ಭಯ ತೋಟದ್ದೇ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನ ಡ್ರಮ್ಮು, ಬಕೆಟ್ಟುಗಳಲ್ಲಿ ಮೈಲುತುತ್ತದ ನೀರು ಉಳಿದಿರುತ್ತದೆ. ಬಿಸಿಲಿಗೆ ಬಾಯಾರಿದ ನಾಯಿಗೆ ಅದೂ ನೀರೇ. ಆ ದಿನ ಎರಡನ್ನೂ ಕೋಣೆಯಲ್ಲಿ ಕೂಡಿಹಾಕುತ್ತೇನೆ. ಕೆಲಸ ಮುಗಿದ ಮೇಲೆ ಪಾತ್ರೆಗಳನ್ನು ತೊಳೆದು ಬೋರಲು ಹಾಕಿಸುತ್ತೇನೆ. ಇಲಿ ಪಾಷಾಣವನ್ನಂತೂ ಮನೆಯಿಂದಲೇ ಹೊರಗಿಟ್ಟಿದ್ದೇನೆ. ಪಾಷಾಣ ತಿಂದ ಇಲಿಯನ್ನು ಬೆಕ್ಕು ಹಿಡಿದರೆ ಆ ವಿಷ ಬೆಕ್ಕಿಗೂ ತಗಲುತ್ತದೆ. ಬೋನು ಇದ್ದರೆ ಸಾಕು.

ಮಳೆ ಬಿಟ್ಟು ತರಗೆಲೆ ಒಣಗತೊಡಗಿದರೆ ಉಣುಗಿನ (ಉಣ್ಣೆಯ) ಕಾಲ. ನವೆಂಬರಿನಿಂದ ಮೇ ತಿಂಗಳವರೆಗೆ ನನ್ನ ಹತ್ತು ನಿಮಿಷ ಇಪ್ಪತ್ತಾಗುತ್ತದೆ. ನಮ್ಮದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯನ್ನು ಈ ಸೀಮೆಯವರು ಮರೆಯುವಂತಿಲ್ಲ. ನಾಯಿಯಿಂದ ಮನುಷ್ಯರಿಗೆ ಅದು ನೇರವಾಗಿ ಬರುವುದಿಲ್ಲ. ಆದರೆ ಕಾಡಿನಲ್ಲಿ ತಿರುಗಿದ ನಾಯಿಯ ಮೈಗಂಟಿ ಉಣುಗು ಮನೆಯೊಳಗೆ ಬರಬಹುದು. ಹಾಗಾಗಿ ಆ ತಿಂಗಳುಗಳಲ್ಲಿ ಕರಿಯನಿಗೂ ಚುಕ್ಕಿಗೂ ಕಾಡಿನ ದಾರಿ ಬಂದ್.

ಉಣುಗು ಅಡಗುವ ಜಾಗಗಳು ಈಗ ಬೆರಳಿಗೇ ಗೊತ್ತು. ಕಿವಿಯ ಮಡಿಕೆ, ಬೆರಳ ಸಂದಿ, ಕಂಕುಳು, ಬಾಲದ ಬುಡ. ಸಿಕ್ಕಿದೊಡನೆ ಸೀಮೆಎಣ್ಣೆ ಹಚ್ಚುವುದಾಗಲಿ, ಉಗುರಿನಲ್ಲಿ ಚಿವುಟಿ ಒಡೆಯುವುದಾಗಲಿ ಮಾಡುವುದಿಲ್ಲ. ಕೈಗವಸು ಹಾಕಿಕೊಂಡು, ಚಿಮಟವನ್ನು ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನೇರವಾಗಿ, ನಿಧಾನವಾಗಿ ಎಳೆದು, ಸ್ಪಿರಿಟ್ ತುಂಬಿದ ಶೀಷೆಗೆ ಹಾಕುತ್ತೇನೆ.

ಇಷ್ಟೆಲ್ಲ ಮಾಡಿದರೂ ಒಂದು ವರ್ಷ ಚುಕ್ಕಿಗೆ ಉಣುಗು ಜ್ವರ ಬಂತು. ಅವಳಿಗೆ ಬಲು ಇಷ್ಟವಾದ ಮೊಸರನ್ನವನ್ನು ಮೂಸಿ ಹಾಗೇ ಬಿಟ್ಟಳು. ತುಟಿ ಎತ್ತಿ ವಸಡು ಒತ್ತಿ ನೋಡಿದೆ. ಒತ್ತಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಇವಳ ವಸಡು ಒತ್ತುವ ಮೊದಲೇ ಸುಣ್ಣದ ಗೋಡೆಯಂತೆ ಬಿಳಿಚಿಕೊಂಡಿತ್ತು. ರಾತ್ರಿಯೇ ಜೀಪು ಹತ್ತಿಸಿದೆವು. ರಕ್ತಪರೀಕ್ಷೆಯಲ್ಲಿ ಗೊತ್ತಾಯಿತು. ನಾಲ್ಕು ವಾರ ಮಾತ್ರೆ ನುಂಗಿ ಎದ್ದು ನಿಂತಳು. ನಾಯಿ ಸಾಕುವವರೆಲ್ಲರೂ ತಮ್ಮ ನಾಯಿ ಆರೋಗ್ಯವಾಗಿರುವಾಗಲೇ ಅದರ ವಸಡಿನ ಬಣ್ಣ ನೋಡಿಟ್ಟುಕೊಳ್ಳಬೇಕು ಎಂದು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ.

ಇನ್ನೊಂದು ಘಟನೆಯನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ. ನಾಯಿಗಳ ಬೆನ್ನಿಗೆ ಉಣುಗಿನ ಹನಿ ಔಷಧ ಹಾಕಿ ಉಳಿದದ್ದನ್ನು ಬೆಳ್ಳಿಯ ಕತ್ತಿನ ಹಿಂಭಾಗಕ್ಕೂ ಹಾಕಿಬಿಟ್ಟೆ. ಕೆಲವು ಗಂಟೆಗಳಲ್ಲಿ ಅವಳ ಕಿವಿ ಅದುರತೊಡಗಿತು, ಆಮೇಲೆ ಇಡೀ ಮೈ. ಔಷಧದಲ್ಲಿದ್ದುದು ಪರ್ಮೆತ್ರಿನ್. ನಾಯಿ ತಾಳಿಕೊಳ್ಳುವ ಅದು ಬೆಕ್ಕಿಗೆ ವಿಷ. ವೈದ್ಯರು ಫೋನಿನಲ್ಲಿ ಹೇಳಿದಂತೆ ಉಗುರುಬೆಚ್ಚಗಿನ ನೀರಿನಲ್ಲಿ ಪಾತ್ರೆ ತೊಳೆಯುವ ಸೋಪು ಹಾಕಿ ತೊಳೆದು, ಟವೆಲಿನಲ್ಲಿ ಸುತ್ತಿ ಒಯ್ದೆ. ಎರಡು ದಿನ ಡ್ರಿಪ್ ಹಾಕಿದರು. ಬೆಳ್ಳಿ ಬದುಕಿದಳು. ಬೆಕ್ಕು ಸಣ್ಣ ನಾಯಿಯಲ್ಲ, ಅದರ ದೇಹದ ಲೆಕ್ಕವೇ ಬೇರೆ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಈಗ ನಮ್ಮಲ್ಲಿ ನಾಯಿಯ ಔಷಧದ ಡಬ್ಬಿ ಬೇರೆ, ಬೆಕ್ಕಿನದು ಬೇರೆ, ನಡುವೆ ಒಂದು ಕಪಾಟಿನ ಅಂತರ.

ಲಸಿಕೆಯ ವಿಷಯದಲ್ಲಿ ನಾನು ಯಾರ ಮಾತಿಗೂ ಬಗ್ಗುವುದಿಲ್ಲ. ಮರಿಗೆ ಮೂರು ತಿಂಗಳಾದಾಗ ರೇಬೀಸ್ ಚುಚ್ಚುಮದ್ದು, ಆಮೇಲೆ ವರ್ಷಕ್ಕೊಮ್ಮೆ. ಮನೆಯಲ್ಲೇ ಇರುವ ಬೆಕ್ಕಿಗೂ ಬೇಕು. ಮರೆಯದಿರಲೆಂದು ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನಕ್ಕೇ ಮೂವರದ್ದೂ ಗಂಟುಹಾಕಿದ್ದೇನೆ. ಜಂತುವಿನ ಮಾತ್ರೆ ಮೂರು ತಿಂಗಳಿಗೊಮ್ಮೆ. ಮೂವರಿಗೂ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ. ಗೋಣಿಚೀಲದಲ್ಲಿ ಕಟ್ಟಿ ರಸ್ತೆ ಬದಿಗೆ ಬಿಟ್ಟುಬಂದ ಮರಿಗಳನ್ನು ಎರಡು ಸಲ ಎತ್ತಿ ತಂದವಳು ನಾನು. ಆ ಶಸ್ತ್ರಚಿಕಿತ್ಸೆ ಪಾಪ ಎನ್ನುವವರ ಜೊತೆ ವಾದಕ್ಕೆ ನಿಲ್ಲುವ ತಾಳ್ಮೆ ನನಗಿಲ್ಲ.

ದೀಪಾವಳಿಯ ಮೂರು ರಾತ್ರಿ ಕರಿಯನ ಜಾಗ ನಡುಮನೆಯ ಅಟ್ಟದ ಮೆಟ್ಟಿಲ ಕೆಳಗೆ. ಕಿಟಕಿಗಳಿಗೆ ಕಂಬಳಿ ಇಳಿಬಿಟ್ಟು, ರೇಡಿಯೊ ಹಾಕಿ, ಯಾರಾದರೂ ಒಬ್ಬರು ಪಕ್ಕದಲ್ಲಿ ಕುಳಿತಿರುತ್ತೇವೆ. ಹೋಳಿಗೆಯ ಆಸೆಗೆ ಅಡುಗೆಮನೆ ಸುತ್ತುವ ಚುಕ್ಕಿಗೆ ಪಾಯಸ ಮಾತ್ರ ಇಲ್ಲ. ಅದರಲ್ಲಿರುವ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತದೆ ಎಂದು ತಿಳಿದ ಮೇಲೆ ಮಕ್ಕಳೇ ಕಾವಲು ನಿಲ್ಲುತ್ತಾರೆ.

ಚಳಿಗಾಲದಲ್ಲಿ ನಾಯಿಗಳಿಗೆ ಹಳೆಯ ಗೋಣಿಚೀಲ ಎರಡು ಪದರ ಹಾಸಿದರೆ ಸಾಕು. ಬೆಳ್ಳಿಯದೇ ಚಿಂತೆ. ಅವಳು ರಾತ್ರಿ ಬಚ್ಚಲೊಲೆಯ ಬೆಚ್ಚಗಿನ ಬೂದಿಯೊಳಗೆ ಮಲಗುತ್ತಾಳೆ. ಹೊರಗಿನಿಂದ ನೋಡಿದರೆ ಬೂದಿಯ ಬಣ್ಣಕ್ಕೂ ಅವಳ ಬಣ್ಣಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಬೆಳಗಿನ ಜಾವ ಐದಕ್ಕೆ ಅತ್ತೆ ಅಡಿಕೆ ಸೋಗೆ ಹಿಡಿದು ಒಲೆಯ ಮುಂದೆ ಕೂರುತ್ತಾರೆ. ಮೊದಲು ಬರಿಗೈಯನ್ನು ಒಲೆಯೊಳಗೆ ಮೊಣಕೈವರೆಗೆ ಚಾಚಿ ತಡವುತ್ತಾರೆ, "ಏಳೇ ಬೆಳ್ಳಿ, ನೀರು ಕಾಯಿಸಬೇಕು" ಎನ್ನುತ್ತಾರೆ. ಅವಳು ಮೈಮುರಿದು ಹೊರಬಂದು ಬೂದಿ ಕೊಡವಿಕೊಂಡ ಮೇಲೆಯೇ ನಮ್ಮ ಮನೆಯಲ್ಲಿ ಬೆಂಕಿ ಹೊತ್ತಿಕೊಳ್ಳುತ್ತದೆ.