ಒರೆಸುವ ಕೈಯದ್ದೇ ಅರ್ಧ ಕೆಲಸ

ಸ್ಫೋಟಕ ಪತ್ತೆ ಕೆಲಸದ ತರಬೇತಿಯ ಮೂರನೇ ದಿನ ನಮ್ಮ ಮುಂದೆ ಒಂದು ಹಳೆಯ ಸೂಟ್‌ಕೇಸ್ ಇಟ್ಟರು. "ಎಲ್ಲಿ, ಒರೆಸಿ ತೋರಿಸಪ್ಪ" ಅಂದರು ಕಲಿಸುತ್ತಿದ್ದ ಹಿರಿಯರು. ನಾನು ಸ್ವಾಬ್, ಅಂದರೆ ಕಣ ಒರೆಸಿ ತೆಗೆಯುವ ಸಣ್ಣ ಪಟ್ಟಿ, ಹಿಡಿದು ಮುಚ್ಚಳದ ಮೇಲೆ ಎರಡು ಸಲ, ಪಕ್ಕದಲ್ಲಿ ಒಂದು ಸಲ ಸರಸರ ಎಳೆದೆ. ಹತ್ತು ಸೆಕೆಂಡಿನಲ್ಲಿ ಮುಗಿಯಿತು. ಆಮೇಲೆ ಅವರು ಕೋಣೆಯ ದೀಪ ಆರಿಸಿ ಯುವಿ ಟಾರ್ಚ್ ಹಾಕಿದರು. ಹಿಡಿಕೆಯ ಒಳಮಗ್ಗುಲು, ಜಿಪ್ಪಿನ ತುದಿ, ಬೀಗದ ಸುತ್ತ, ಎಲ್ಲ ಕಡೆ ಹಸಿರು ಪುಡಿ ಮಿಣಮಿಣ ಹೊಳೆಯುತ್ತಿತ್ತು. ಬೆಳಗ್ಗೆಯೇ ಅವರು ಆ ಪುಡಿ ಮುಟ್ಟಿದ ಕೈಯಲ್ಲಿ ಸೂಟ್‌ಕೇಸ್ ಎತ್ತಿ, ತೆರೆದು, ಮುಚ್ಚಿ ಇಟ್ಟಿದ್ದರು. ನನ್ನ ಸ್ವಾಬ್ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ.

"ಯಂತ್ರ ಲಕ್ಷಗಟ್ಟಲೆ ಬೆಲೆಯದ್ದಿರಬಹುದು. ನೀನು ಕೊಟ್ಟಿದ್ದನ್ನು ಬಿಟ್ಟು ಬೇರೆ ಏನನ್ನೂ ಅದು ನೋಡಲ್ಲ" ಅಂದರು. ಸ್ಫೋಟಕದ ಕುರುಹು ಪತ್ತೆ ಮಾಡುವ ಕೈಯಂತ್ರ ಹಿಡಿದು ನಾನು ಕೆಲಸ ಮಾಡಿದ ಇಷ್ಟು ವರ್ಷಗಳಲ್ಲಿ ಈ ಮಾತು ದಿನಕ್ಕೊಮ್ಮೆಯಾದರೂ ನೆನಪಾಗಿದೆ.

ಸ್ಫೋಟಕ ಪತ್ತೆ ಅಂದ ಕೂಡಲೇ ಜನ ನಾಯಿಯ ಹಾಗೆ ಮೂಸುವ ಯಂತ್ರ ಅಂದುಕೊಳ್ಳುತ್ತಾರೆ. ಬ್ಯಾಗಿನ ಹತ್ತಿರ ಹಿಡಿದರೆ ಸಾಕು, ಗೊತ್ತಾಗುತ್ತೆ ಅಂತ. ಕೆಲವು ವಸ್ತುಗಳ ಮಟ್ಟಿಗೆ ಅದು ನಿಜ. ನೈಟ್ರೋಗ್ಲಿಸರಿನ್ ಥರದ್ದು ತಾನಾಗಿಯೇ ಆವಿಯಾಗುತ್ತದೆ. ಆದರೆ ಸೇನೆಗಳು ಬಳಸುವ ಆರ್‌ಡಿಎಕ್ಸ್ ಹಾಗಲ್ಲ. ಕೋಣೆಯ ಶಾಖದಲ್ಲಿ ಅದರಿಂದ ಏಳುವ ಆವಿ ಲಕ್ಷ ಕೋಟಿ ಭಾಗ ಗಾಳಿಗೆ ಕೆಲವೇ ಭಾಗ. ಅದನ್ನು ಗಾಳಿಯಲ್ಲಿ ಹುಡುಕುವುದು ಬಹಳ ಕಷ್ಟ. ಆದರೆ ಅದರ ಕಣಗಳು ಅಂಟುಬುರುಕ. ಮುಟ್ಟಿದವನ ಬೆರಳಿಗೆ ಅಂಟುತ್ತವೆ, ಬೆರಳಿಂದ ಹಿಡಿಕೆಗೆ, ಹಿಡಿಕೆಯಿಂದ ಇನ್ನೊಂದು ಕೈಗೆ ಹೋಗುತ್ತವೆ. ಮೊದಲ ಬೆರಳಚ್ಚಿನಲ್ಲಿ ಮೈಕ್ರೋಗ್ರಾಂಗಟ್ಟಲೆ ಉಳಿಯಬಹುದು. ನಮ್ಮ ಯಂತ್ರಕ್ಕೆ ಕೆಲವು ನ್ಯಾನೋಗ್ರಾಂ ಸಿಕ್ಕರೂ ಸಾಕು. ಒಂದು ಮೈಕ್ರೋಗ್ರಾಂ ಅಂದರೆ ಸಾವಿರ ನ್ಯಾನೋಗ್ರಾಂ. ಲೆಕ್ಕ ನಮ್ಮ ಕಡೆಗೇ ಇದೆ. ಅದಕ್ಕೇ ನಾವು ಮೂಸುವುದಕ್ಕಿಂತ ಜಾಸ್ತಿ ಒರೆಸುತ್ತೇವೆ.

1988ರಲ್ಲಿ ಸ್ಕಾಟ್ಲೆಂಡಿನ ಲಾಕರ್‌ಬಿ ಊರಿನ ಮೇಲೆ ವಿಮಾನವೊಂದು ಸಿಡಿದು ಒಟ್ಟು 270 ಜನ ಸತ್ತರು. ಅದರಲ್ಲಿ ಬಳಸಿದ್ದು ಪ್ಲಾಸ್ಟಿಕ್ ಸ್ಫೋಟಕ, ಅಂದರೆ ಆರ್‌ಡಿಎಕ್ಸ್ ಥರದ್ದನ್ನು ಬೆರೆಸಿ ಹಿಟ್ಟಿನ ಹಾಗೆ ಮೆತ್ತಗೆ ಮಾಡಿದ್ದು. ಆಮೇಲೆ 1991ರಲ್ಲಿ ಮಾಂಟ್ರಿಯಲ್‌ನಲ್ಲಿ ದೇಶಗಳು ಸೇರಿ ಒಂದು ಒಪ್ಪಂದ ಮಾಡಿಕೊಂಡವು. ಪ್ಲಾಸ್ಟಿಕ್ ಸ್ಫೋಟಕ ತಯಾರಿಸುವವರು ಸುಲಭವಾಗಿ ಆವಿಯಾಗುವ ಒಂದು ಗುರುತಿನ ವಸ್ತುವನ್ನು ಅದರಲ್ಲಿ ಬೆರೆಸಲೇಬೇಕು ಅಂತ. ಈಗ ಹೆಚ್ಚಾಗಿ ಬೆರೆಸುವುದು ಡಿಎಂಎನ್‌ಬಿ ಅನ್ನುವ ರಾಸಾಯನಿಕ. ವಾಸನೆಯೇ ಇಲ್ಲದ್ದಕ್ಕೆ ಬೇಕಂತಲೇ ವಾಸನೆ ಕೊಟ್ಟ ಹಾಗೆ. ನನ್ನ ಪ್ರಕಾರ ಈ ಕ್ಷೇತ್ರದಲ್ಲಿ ನಡೆದ ತುಂಬ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದು.

ಯಂತ್ರದ ಒಳಗೆ ಏನಾಗುತ್ತೆ ಅಂತ ಚಿಕ್ಕದಾಗಿ ಹೇಳುತ್ತೇನೆ. ಸ್ವಾಬನ್ನು ಬಾಯಿಗೆ ತೂರಿಸಿದರೆ ಅಲ್ಲಿ ಸುಮಾರು 200 ಡಿಗ್ರಿ ಬಿಸಿ ಇರುತ್ತದೆ. ಅಂಟಿಕೊಂಡ ಕಣಗಳು ಆವಿಯಾಗುತ್ತವೆ. ಆ ಆವಿಗೆ ವಿದ್ಯುತ್ ಅಂಶ ಕೊಟ್ಟು ಅಯಾನುಗಳನ್ನಾಗಿ ಮಾಡಿ, ಒಂದು ಕೊಳವೆಯಲ್ಲಿ ಓಡಿಸುತ್ತಾರೆ. ಕೊಳವೆಯಲ್ಲಿ ಗಾಳಿ ಇದೆ, ಎದುರಿನಿಂದ ಬೀಸುತ್ತಲೂ ಇದೆ. ಜನಜಂಗುಳಿಯಲ್ಲಿ ಸಣ್ಣ ಮೈಯವನು ಬೇಗ ನುಸುಳುತ್ತಾನೆ, ದೊಡ್ಡ ಹೊರೆ ಹೊತ್ತವನು ತಡವಾಗಿ ಬರುತ್ತಾನೆ. ಹಾಗೇ ಒಂದೊಂದು ಅಯಾನು ಒಂದೊಂದು ಹೊತ್ತಿಗೆ ಆ ತುದಿ ಮುಟ್ಟುತ್ತದೆ. ಎಲ್ಲ ಕೆಲವು ಮಿಲಿಸೆಕೆಂಡುಗಳ ಆಟ. ಬಂದ ಹೊತ್ತು ಪಟ್ಟಿಯಲ್ಲಿರುವ ಯಾವುದಕ್ಕೆ ತಾಳೆಯಾಯಿತೋ ಅದರ ಹೆಸರು ಪರದೆಯ ಮೇಲೆ ಕೆಂಪಾಗಿ ಬರುತ್ತದೆ. ಈ ವಿಧಾನಕ್ಕೆ ಐಎಂಎಸ್ (ಅಯಾನ್ ಮೊಬಿಲಿಟಿ ಸ್ಪೆಕ್ಟ್ರೋಮೆಟ್ರಿ) ಅನ್ನುತ್ತಾರೆ. ಕೈಯಂತ್ರಗಳಲ್ಲಿ ಇದೇ ಜಾಸ್ತಿ. ಹೊಳೆಯುವ ಪಾಲಿಮರ್ ಪದರದ ಮೇಲೆ ಟಿಎನ್‌ಟಿ ಥರದ ಸ್ಫೋಟಕದ ಆವಿ ತಾಗಿದರೆ ಹೊಳಪು ಕುಂದುತ್ತದೆ, ಆ ವಿದ್ಯೆಯ ಯಂತ್ರಗಳೂ ಇವೆ. ಬಣ್ಣ ಬದಲಾಗುವ ಕಾಗದದ ಕಿಟ್‌ಗಳೂ ಇವೆ.

ಈ ವಿವರದಲ್ಲಿ ಒಂದು ಮಾತು ಮುಖ್ಯ. ಯಂತ್ರ ನೋಡುವುದು ಓಟದ ಹೊತ್ತನ್ನು, ವಸ್ತುವನ್ನಲ್ಲ. ಅದೇ ಹೊತ್ತಿಗೆ ಬರುವ ಬೇರೆ ಏನೋ ಒಂದು ಇದ್ದರೂ ಅದೇ ಹೆಸರು ಬರುತ್ತದೆ. ಅಲಾರ್ಮ್ ಅಂದರೆ "ಇಲ್ಲಿ ಇನ್ನೊಮ್ಮೆ ಸರಿಯಾಗಿ ನೋಡು" ಅಂತ ಅಷ್ಟೇ.

ಬೆಳಗಿನ ಪಾಳಿ ಇದ್ದರೆ ನಾನು ಅರ್ಧ ಗಂಟೆ ಮುಂಚೆ ಬರುತ್ತೇನೆ. ಯಂತ್ರ ಬಿಸಿಯಾಗಬೇಕು, ತನ್ನನ್ನು ತಾನೇ ಸರಿಮಾಡಿಕೊಳ್ಳಬೇಕು. ಗಾಳಿಯ ಒತ್ತಡ, ತೇವ ಎಲ್ಲ ಓಟದ ಹೊತ್ತನ್ನು ಬದಲಿಸುತ್ತವೆ. ಅದಕ್ಕೇ ಕ್ಯಾಲಿಬ್ರೇಶನ್. ಒಳಗೆ ಹೋಗುವ ಗಾಳಿಯನ್ನು ಒಣಗಿಸುವುದಕ್ಕೆ ಸಣ್ಣ ಸಣ್ಣ ಗುಂಡುಗಳು ತುಂಬಿದ ಡಬ್ಬಿ ಇರುತ್ತದೆ. ಮಳೆಗಾಲದಲ್ಲಿ ಅದನ್ನು ಬೇಗ ಬದಲಿಸಬೇಕು. ನನ್ನ ಹಳೆಯ ಯಂತ್ರದಲ್ಲಿ ಆವಿಯನ್ನು ಅಯಾನುಗಳನ್ನಾಗಿ ಮಾಡುವುದಕ್ಕೆ ನಿಕ್ಕಲ್-63 ಅನ್ನುವ ವಿಕಿರಣ ಮೂಲ ಇತ್ತು. ತುಂಬ ಮೆದು ವಿಕಿರಣ, ಹೊರಗೆ ಬರುವುದಿಲ್ಲ. ಆದರೂ ಸೋರಿಕೆ ಪರೀಕ್ಷೆ ತಪ್ಪಿಸುವ ಹಾಗಿಲ್ಲ. ಕವಚ ಬಿಚ್ಚುವುದಂತೂ ನಮ್ಮ ಕೆಲಸವೇ ಅಲ್ಲ. ಹೊಸ ಯಂತ್ರಗಳಲ್ಲಿ ವಿಕಿರಣ ಮೂಲವೇ ಇಲ್ಲದವೂ ಬಂದಿವೆ.

ಇದಾದ ಮೇಲೆ ಎರಡು ಪರೀಕ್ಷೆ. ಮೊದಲು ಹೊಸ ಸ್ವಾಬನ್ನು ಏನೂ ಮುಟ್ಟಿಸದೆ ಖಾಲಿಯಾಗಿ ತೂರಿಸಬೇಕು. ಯಂತ್ರ ಸುಮ್ಮನಿರಬೇಕು. ಆಮೇಲೆ ಪರೀಕ್ಷೆಗೆಂದೇ ಕೊಟ್ಟಿರುವ ಪೆನ್ನಿನಿಂದ ಸ್ವಾಬ್ ಮೇಲೆ ಒಂದು ಗೆರೆ ಎಳೆದು ತೂರಿಸಬೇಕು. ಅದರಲ್ಲಿ ಅತಿ ಸಣ್ಣ ಪ್ರಮಾಣದ ನಿಜವಾದ ವಸ್ತು ಇರುತ್ತದೆ. ಯಂತ್ರ ಕೂಗಬೇಕು. ಸುಮ್ಮನಿರಬೇಕಾದಾಗ ಸುಮ್ಮನಿದ್ದು, ಕೂಗಬೇಕಾದಾಗ ಕೂಗಿದರೆ ಮಾತ್ರ ಆ ದಿನ ಅದನ್ನು ನಂಬಬಹುದು.

ಆ ಪೆನ್ನಿನಿಂದಲೇ ನನಗೊಂದು ಪಾಠವಾಯಿತು. ಕೆಲಸಕ್ಕೆ ಸೇರಿದ ಮೊದಲ ವರ್ಷ. ಬೆಳಗ್ಗೆ ಆರಕ್ಕೆ ಶುರು ಮಾಡಿದೆ. ಮೊದಲ ಬ್ಯಾಗಿಗೇ ಅಲಾರ್ಮ್. ನಿಯಮದ ಪ್ರಕಾರ ಹೊಸ ಸ್ವಾಬ್ ತೆಗೆದು ಮತ್ತೆ ಒರೆಸಿದೆ. ಮತ್ತೆ ಅಲಾರ್ಮ್. ಬ್ಯಾಗ್ ಬಿಚ್ಚಿಸಿ ಒಂದೊಂದು ಸಾಮಾನು ನೋಡಿದೆವು, ಏನೂ ಇಲ್ಲ. ಎರಡನೆಯ ಬ್ಯಾಗಿಗೂ ಅಲಾರ್ಮ್. ಮೂರನೆಯದಕ್ಕೆ ಇಲ್ಲ. ನಾಲ್ಕನೆಯದಕ್ಕೆ ಮತ್ತೆ ಬಂತು. ಸಾಲು ಬೆಳೆಯುತ್ತಿದೆ, ಜನ ಗಡಿಯಾರ ನೋಡುತ್ತಿದ್ದಾರೆ, ಒಬ್ಬ ತಾಯಿಯ ಹೆಗಲ ಮೇಲೆ ಮಗು ಅಳುತ್ತಿದೆ. ನನಗೆ ಕೈಕಾಲು ತಣ್ಣಗಾಯಿತು.

ನಮ್ಮ ಮೇಲ್ವಿಚಾರಕಿ ಬಂದು ಪರದೆ ನೋಡಿದರು. ಮೂರೂ ಜನರ ಬ್ಯಾಗಿನಲ್ಲಿ ಬಂದಿದ್ದು ಒಂದೇ ಹೆಸರು. "ಬೆಳಗ್ಗೆ ಪೆನ್ನಿನಲ್ಲಿ ಇದ್ದಿದ್ದೂ ಇದೇ ಅಲ್ವಾ?" ಅಂದರು. ಆಮೇಲೆ ಹೊಸ ಸ್ವಾಬ್ ಒಂದನ್ನು ತೆಗೆದು ಬ್ಯಾಗನ್ನಲ್ಲ, ನನ್ನ ಕೈಗವಸನ್ನು ಒರೆಸಿ ಯಂತ್ರಕ್ಕೆ ಕೊಟ್ಟರು. ಜೋರಾಗಿ ಕೂಗಿತು. ಪೆನ್ನಿನ ಮುಚ್ಚಳ ಹಾಕುವಾಗ ಹೆಬ್ಬೆರಳಿಗೆ ತಾಗಿತ್ತು. ಅದೇ ಕೈಗವಸಿನಲ್ಲಿ ಸ್ವಾಬಿನ ಡಬ್ಬಿ ತೆಗೆದಿದ್ದೆ, ಮೇಜು ಮುಟ್ಟಿದ್ದೆ, ಜನರ ಬ್ಯಾಗು ಮುಟ್ಟಿದ್ದೆ. ಮೂರು ಜನ ಬೆಳಗ್ಗೆಯೇ ಸಂಶಯದ ಕಣ್ಣಿಗೆ ಬಿದ್ದಿದ್ದು ನನ್ನ ಹೆಬ್ಬೆರಳಿನಿಂದ.

ಡಬ್ಬಿಯಲ್ಲಿದ್ದ ಸ್ವಾಬ್ ಎಲ್ಲ ಎಸೆದೆವು. ಮೇಜನ್ನು ಎರಡು ಸಲ ಒರೆಸಿದೆವು. ಯಂತ್ರವನ್ನು ಸ್ವಲ್ಪ ಹೊತ್ತು ಜಾಸ್ತಿ ಬಿಸಿಯಲ್ಲಿ ಬಿಟ್ಟು ಒಳಗಿದ್ದದ್ದನ್ನು ಸುಟ್ಟು ತೆಗೆಯಬೇಕಾಯಿತು. ನಲವತ್ತು ನಿಮಿಷ ನಷ್ಟ. ಆ ಮೂವರ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಅವತ್ತಿನಿಂದ ಪೆನ್ ಇರುವುದು ಬೇರೆ ಡ್ರಾಯರಿನಲ್ಲಿ, ಮುಚ್ಚುವ ಚೀಲದ ಒಳಗೆ. ಅದನ್ನು ಮುಟ್ಟಿದ ಕೈಗವಸು ನೇರ ಕಸದ ಬುಟ್ಟಿಗೆ. ಪರೀಕ್ಷೆ ಒಬ್ಬರು ಮಾಡಿದರೆ ಮೊದಲ ಬ್ಯಾಗು ಒರೆಸುವವರು ಇನ್ನೊಬ್ಬರು. ನಿಯಮದ ಪುಸ್ತಕದಲ್ಲಿ ಈ ಕೊನೆಯದ್ದು ಇಲ್ಲ. ನಮ್ಮ ತಂಡದಲ್ಲಿ ಮಾತ್ರ ಇದೆ.

ಇನ್ನು ಒರೆಸುವ ಬಗೆ. ಮೊದಲು ನಾನು ಬ್ಯಾಗಿನ ದೊಡ್ಡ ಮೈ ಒರೆಸುತ್ತಿದ್ದೆ, ಈಗ ಕೈ ಎಲ್ಲಿ ಹೋಗುತ್ತೆ ಅಂತ ಯೋಚಿಸುತ್ತೇನೆ. ಬ್ಯಾಗ್ ಕೈಗೆ ಬಂದ ಕೂಡಲೇ ಮನಸ್ಸಿನಲ್ಲೇ ಅದನ್ನು ಎತ್ತಿ, ತೆರೆದು, ಮುಚ್ಚಿ ನೋಡುತ್ತೇನೆ. ಬೆರಳು ಎಲ್ಲೆಲ್ಲಿ ಒತ್ತುತ್ತದೋ ಅಲ್ಲಿ ಸ್ವಾಬ್ ಹೋಗಬೇಕು. ಸುಮ್ನೆ ಸವರಿದರೆ ಕಣ ಏಳುವುದಿಲ್ಲ, ಒತ್ತಿ ಎಳೆಯಬೇಕು. ಆದರೆ ಒರಟು ಬಟ್ಟೆಯ ಮೇಲೆ ತೀರಾ ಉಜ್ಜಿದರೆ ಸ್ವಾಬ್ ತುಂಬ ದಾರ, ಕೊಳೆ ತುಂಬಿಕೊಂಡು ಯಂತ್ರಕ್ಕೆ ಹೊಟ್ಟೆ ಕೆಡುತ್ತದೆ. ಈ ಹದ ಓದಿ ಬರುವುದಲ್ಲ. ನನಗೆ ಬರುವುದಕ್ಕೆ ಸುಮಾರು ಮೂರು ತಿಂಗಳು ಬೇಕಾಯಿತು. ಸ್ವಾಬಿನ ಯಾವ ಭಾಗವನ್ನು ಯಂತ್ರ ಬಿಸಿ ಮಾಡುತ್ತದೋ ಅದೇ ಭಾಗದಿಂದ ಒರೆಸಬೇಕು ಅನ್ನುವುದು ಚಿಕ್ಕ ವಿಷಯ ಅನಿಸಬಹುದು. ಅಂಚಿನಿಂದ ಒರೆಸಿ ನಡುವನ್ನು ಬಿಸಿ ಮಾಡಿಸುವವರನ್ನು ನಾನು ಕಣ್ಣಾರೆ ನೋಡಿದ್ದೇನೆ.

ಅಲಾರ್ಮ್ ಬಂದಾಗ ಎದುರಿಗಿರುವ ಮನುಷ್ಯನ ಜೊತೆ ಹೇಗೆ ಮಾತಾಡಬೇಕು ಅನ್ನುವುದು ಇದಕ್ಕಿಂತ ಕಷ್ಟ. ಒಮ್ಮೆ ಎಪ್ಪತ್ತು ದಾಟಿದ ದಂಪತಿ ಬಂದರು. ಯಜಮಾನರ ಕೈಚೀಲ ಒರೆಸಿದೆ. ಪರದೆಯಲ್ಲಿ ನೈಟ್ರೋಗ್ಲಿಸರಿನ್ ಅಂತ ಬಂತು. ಅವರ ಮುಖ ಬಿಳಿಚಿಕೊಂಡಿತು. ನಾನು ಯಂತ್ರ ಪಕ್ಕಕ್ಕಿಟ್ಟು, "ಸರ್, ಗಾಬರಿ ಆಗಬೇಡಿ. ಇಲ್ಲಿ ಕೂತ್ಕೊಳ್ಳಿ. ಔಷಧಿ ಏನಾದ್ರೂ ತಗೋತೀರಾ?" ಅಂತ ಕೇಳಿದೆ. ಅವರು ಬಾಯಿ ಬಿಡುವ ಮೊದಲೇ ಅವರ ಹೆಂಡತಿ, "ಇವರಿಗೆ ಎದೆನೋವು ಇದೆಯಪ್ಪ. ನಾಲಿಗೆ ಕೆಳಗೆ ಇಟ್ಕೊಳ್ಳೋ ಮಾತ್ರೆ ಇದೆ, ಬರೋ ದಾರಿಯಲ್ಲೇ ಒಂದು ತಗೊಂಡ್ರು" ಅಂದರು. ಹೃದ್ರೋಗಕ್ಕೆ ಕೊಡುವ ಆ ಮಾತ್ರೆಯಲ್ಲಿರುವುದು ಇದೇ ವಸ್ತು. ಯಂತ್ರ ಸುಳ್ಳು ಹೇಳಿರಲಿಲ್ಲ. ಹಾಗಂತ ನಾನು ಮಾತು ಕೇಳಿ ಬಿಟ್ಟುಬಿಡಲಿಲ್ಲ. ಮಾತ್ರೆಯ ಸೀಸೆ, ಚೀಟಿ ನೋಡಿದೆ, ಚೀಲ ಪೂರ್ತಿ ತಪಾಸಣೆ ಮಾಡಿದೆ, ಮೇಲಿನವರಿಗೆ ತಿಳಿಸಿದೆ. ಒಂದು ಹೆಜ್ಜೆಯನ್ನೂ ಬಿಡಲಿಲ್ಲ. ಆದರೆ ಅಷ್ಟು ಹೊತ್ತೂ ಅವರು ಕುರ್ಚಿಯಲ್ಲಿ ಕೂತಿದ್ದರು, ಕೈಯಲ್ಲಿ ನೀರಿನ ಬಾಟಲಿ ಇತ್ತು.

ಹೀಗೆ ನಡೆದುಕೊಳ್ಳದಿದ್ದರೆ ಏನಾಗುತ್ತೆ ಅನ್ನುವುದಕ್ಕೆ ಬರ್ಮಿಂಗ್‌ಹ್ಯಾಮ್ ಪ್ರಕರಣ ಇದೆ. 1974ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಆ ಊರಿನ ಎರಡು ಪಬ್‌ಗಳಲ್ಲಿ ಬಾಂಬ್ ಸಿಡಿದು 21 ಜನ ಸತ್ತರು. ಆರು ಜನರನ್ನು ಹಿಡಿದರು. ಅವರಲ್ಲಿ ಕೆಲವರ ಕೈ ಒರೆಸಿ ಗ್ರೀಸ್ (Griess) ಅನ್ನುವ, ಬಣ್ಣ ನೋಡಿ ಹೇಳುವ ರಾಸಾಯನಿಕ ಪರೀಕ್ಷೆ ಮಾಡಿದಾಗ ಬಣ್ಣ ಬಂತು. ಸ್ಫೋಟಕ ಮುಟ್ಟಿದ್ದಾರೆ ಅಂತ ತಜ್ಞರು ನ್ಯಾಯಾಲಯದಲ್ಲಿ ಖಚಿತವಾಗಿ ಹೇಳಿದರು. ಆ ಗಂಡಸರು ರೈಲಿನಲ್ಲಿ ಇಸ್ಪೀಟು ಆಡುತ್ತಾ ಬಂದಿದ್ದರು. ಇಸ್ಪೀಟಿನ ಎಲೆಗಳ ಮೇಲಿನ ನೈಟ್ರೋಸೆಲ್ಯುಲೋಸ್ ಲೇಪವೂ ಅದೇ ಬಣ್ಣ ಕೊಡಬಲ್ಲದು ಅಂತ ಆಮೇಲೆ ಗೊತ್ತಾಯಿತು. ಪೊಲೀಸರು ಪಡೆದ ಹೇಳಿಕೆಗಳೂ ನಿಲ್ಲಲಿಲ್ಲ. 1991ರಲ್ಲಿ ಶಿಕ್ಷೆ ರದ್ದಾಯಿತು. ಅಷ್ಟರಲ್ಲಿ ಅವರು 16 ವರ್ಷ ಜೈಲಿನಲ್ಲಿ ಕಳೆದಿದ್ದರು. ನಾನು ಹೊಸಬರಿಗೆ ಯಂತ್ರದ ಗುಂಡಿಗಳನ್ನು ತೋರಿಸುವ ಮೊದಲು ಈ ಕಥೆ ಹೇಳುತ್ತೇನೆ.

ಇನ್ನೊಂದು ಕಥೆ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಇರಾಕ್‌ನ ಚೆಕ್‌ಪಾಯಿಂಟ್‌ಗಳಲ್ಲಿ ಎಡಿಇ 651 ಅನ್ನುವ ಒಂದು ಕೈಯಂತ್ರ ಇತ್ತು. ಹಿಡಿಕೆಗೆ ಒಂದು ಆಂಟೆನಾ ಕಡ್ಡಿ. ಬ್ಯಾಟರಿ ಇಲ್ಲ, ಬಿಸಿ ಮಾಡುವ ಭಾಗ ಇಲ್ಲ, ಒಳಗೆ ಕೆಲಸ ಮಾಡುವಂಥದ್ದು ಏನೂ ಇಲ್ಲ. ಸೈನಿಕರು ಅದನ್ನು ಹಿಡಿದು ಕಾರುಗಳ ಪಕ್ಕ ನಡೆಯುತ್ತಿದ್ದರು, ಅದನ್ನೇ ನಂಬಿ ಕಾರು ಬಿಡುತ್ತಿದ್ದರು. ಮಾರಿದವನಿಗೆ 2013ರಲ್ಲಿ ಲಂಡನ್ನಿನ ನ್ಯಾಯಾಲಯ 10 ವರ್ಷ ಶಿಕ್ಷೆ ಕೊಟ್ಟಿತು. ಬೆಳಗಿನ ಖಾಲಿ ಸ್ವಾಬ್, ಪೆನ್ನಿನ ಗೆರೆ, ಈ ಎರಡು ಪರೀಕ್ಷೆಯನ್ನು ಯಾರಾದರೂ ಅದಕ್ಕೆ ಪ್ರಾಮಾಣಿಕವಾಗಿ ಮಾಡಿದ್ದರೆ ಮೊದಲ ದಿನವೇ ಬಯಲಾಗುತ್ತಿತ್ತು. ಯಂತ್ರ ಕೊಳ್ಳುವ ಜಾಗದಲ್ಲಿ ಇರುವವರಿಗೆ ನಾನು ಹೇಳುವುದು ಇಷ್ಟೇ. ಮಾರುವವರ ಕೈಯಲ್ಲಿ ಪರೀಕ್ಷೆ ಮಾಡಿಸಬೇಡಿ. ನೀವೇ ಮಾಡಿ, ಯಾವ ಸ್ವಾಬಿನಲ್ಲಿ ಏನಿದೆ ಅಂತ ಒರೆಸುವವರಿಗೂ ಗೊತ್ತಿರಬಾರದು.

ನಾಯಿಗಳ ಬಗ್ಗೆ ಜನ ಯಾವಾಗಲೂ ಕೇಳುತ್ತಾರೆ, ಯಂತ್ರ ಬಂದ ಮೇಲೆ ನಾಯಿ ಯಾಕೆ ಅಂತ. ದೊಡ್ಡ ಜಾಗ ಹುಡುಕುವುದಕ್ಕೆ ನಾಯಿಗೆ ಸಾಟಿ ಇಲ್ಲ. 2016ರಲ್ಲಿ ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯವರು ಲ್ಯಾಬ್ರಡಾರ್ ನಾಯಿಯ ಮೂಗಿನ ಮಾದರಿಯನ್ನು ತ್ರೀಡಿ ಪ್ರಿಂಟರಿನಲ್ಲಿ ಮಾಡಿ, ನಾಯಿ ಉಸಿರೆಳೆದು ಬಿಡುವ ಹಾಗೇ ಗಾಳಿ ಆಡಿಸಿ, ಅದೇ ಬಗೆಯ ಮೂತಿಯನ್ನು ಒಂದು ಪತ್ತೆ ಯಂತ್ರಕ್ಕೆ ಜೋಡಿಸಿದರು. ಆವಿ ಹಿಡಿಯುವುದರಲ್ಲಿ ಯಂತ್ರ 16 ಪಟ್ಟಿನವರೆಗೂ ಚುರುಕಾಯಿತು. ನಾಯಿ ಪ್ರತಿ ಸಲ ಹೊರಗೆ ಬಿಡುವ ಉಸಿರು ಮುಂದಿನ ಗಾಳಿಯನ್ನು ತನ್ನ ಕಡೆಗೇ ಎಳೆದು ತರುತ್ತದಂತೆ. ಇದನ್ನು ಓದಿದ ದಿನ ನಮ್ಮ ತಂಡದ ನಾಯಿ ಮೂಸುವುದನ್ನು ತುಂಬ ಹೊತ್ತು ನೋಡುತ್ತಾ ನಿಂತಿದ್ದೆ.

ಈಗ ಆ ಹಳೆಯ ಸೂಟ್‌ಕೇಸ್ ನನ್ನ ಹತ್ತಿರ ಇದೆ. ಹೊಸಬರಿಗೆ ಪುಡಿ ಹಚ್ಚಿ ಕೊಡುವುದು ನನ್ನ ಕೆಲಸ. ಹೋದ ವಾರ ಬಂದ ಹುಡುಗಿ ನಿಧಾನವಾಗಿ ಹಿಡಿಕೆ ಒರೆಸಿದಳು, ಜಿಪ್ಪಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಸುತ್ತಲೂ ಒರೆಸಿದಳು, ಬೀಗ ಮುಗಿಸಿದಳು. ದೀಪ ಆರಿಸಿದೆ. ಸೂಟ್‌ಕೇಸ್ ಮೇಲೆ ಹೆಚ್ಚುಕಡಿಮೆ ಏನೂ ಉಳಿದಿರಲಿಲ್ಲ, ಅವಳ ಸ್ವಾಬ್ ಹಸಿರಾಗಿ ಹೊಳೆಯುತ್ತಿತ್ತು. ನಾನು ಟಾರ್ಚನ್ನು ಅವಳ ಕೈಗೇ ಕೊಟ್ಟೆ. ಅವಳು ಒಂದು ಕ್ಷಣ ತಡೆದು, ಬೆಳಕನ್ನು ತನ್ನ ತೋಳಿನ ಮೇಲೆ ಹಿಡಿದಳು. ಮುಂಗೈಯ ಪಟ್ಟಿಯ ಅಂಚಿನಲ್ಲಿ ಒಂದು ಸಣ್ಣ ಹಸಿರು ಗೆರೆ ಇತ್ತು.

"ಕೈಗವಸು ಬದಲಾಯಿಸ್ಲಾ ಸರ್, ಇಲ್ಲ ಅಂಗಿನೇ ಬದಲಾಯಿಸ್ಲಾ?" ಅಂತ ಕೇಳಿದಳು.

"ಎರಡೂ ಬದಲಾಯಿಸಮ್ಮ" ಅಂದೆ.