ಸೈರನ್ ತಡವಾಗಿ ಕೂಗಲಿ: ಮಂಡಿಪೇಟೆಯಲ್ಲಿ ನನ್ನ ಅನುಭವ

ಶಟರ್ ಅಲುಗಿದ ಕೂಡಲೇ ಸೈರನ್ ಕೂಗಬಾರದು, ಮೊದಲು ಮಾಲೀಕರಿಗೂ ಪಕ್ಕದ ಅಂಗಡಿಗೂ ಫೋನ್ ಮಾತ್ರ ಹೋಗಬೇಕು ಎಂದು ನಾನು ಹೇಳತೊಡಗಿದಾಗ, ದಾವಣಗೆರೆಯಲ್ಲಿ ನನ್ನಂತೆ ಅಂಗಡಿಗಳಿಗೆ ಕಳ್ಳತನದ ಅಲಾರಂ ಹಾಕುವ ಹಲವರು ಇದು ಗಿರಾಕಿಗಳನ್ನು ಕಳೆದುಕೊಳ್ಳುವ ದಾರಿ ಎಂದರು. ಮಂಡಿಪೇಟೆಯ ಹಿರಿಯ ವರ್ತಕರೊಬ್ಬರು, "ಅಲ್ಲಪ್ಪಾ, ನಿನ್ನ ಸೈರನ್ ಕೂಗೋ ಹೊತ್ತಿಗೆ ಕಳ್ಳ ಗಲ್ಲಾಪೆಟ್ಟಿಗೆ ಸಮೇತ ಹರಿಹರ ದಾಟಿರ್ತಾನೆ" ಎಂದಿದ್ದರು. ಈಗ ಅವರ ಅಂಗಡಿಯೂ ಸೇರಿ ಆ ಸಾಲಿನ ಮೂವತ್ತಕ್ಕೂ ಹೆಚ್ಚು ಅಂಗಡಿಗಳು ನನ್ನ ಕ್ರಮವನ್ನೇ ಅನುಸರಿಸುತ್ತಿವೆ. ಹಿಂದೆ ವಾರಕ್ಕೆ ಮೂರ್ನಾಲ್ಕು ರಾತ್ರಿ ಬೀದಿಯ ನಿದ್ದೆಗೆಡಿಸುತ್ತಿದ್ದ ಸುಳ್ಳು ಅಲಾರಂ ಈಗ ತಿಂಗಳಿಗೊಮ್ಮೆ ಬಂದರೆ ಹೆಚ್ಚು.

ಫಲ ಕೊಡದ ಉಪಾಯಗಳೇ ಹೆಚ್ಚು ಹಣ ನುಂಗಿದವು. ಮೈಶಾಖದ ಚಲನೆ ಹಿಡಿಯುವ ಪಿಐಆರ್ ಸೆನ್ಸರ್ ಒಂದನ್ನೇ ಹಾಕುವ ಬದಲು, ಅದರ ಜೊತೆಗೆ ಮೈಕ್ರೋವೇವ್ ಅಲೆಯಿಂದ ಚಲನೆ ಗುರುತಿಸುವ ಭಾಗವೂ ಕೂಡಿದ ಡ್ಯುಯಲ್ ಸೆನ್ಸರ್ ಹಾಕಿದರೆ ಸಾಕು ಎಂಬುದು ಎಲ್ಲರ ಮಾತಾಗಿತ್ತು. ಒಂದಕ್ಕೆ ಎರಡು ಸಾವಿರದ ಮೇಲೆ ಬೀಳುತ್ತಿತ್ತು. ಲೆನ್ಸಿನ ಮೇಲೆ ಹಲ್ಲಿ ಹರಿದಾಡುವ ಹೊತ್ತಿಗೇ ಗಾಜಿನಾಚೆ ಲಾರಿ ಹಾದುಹೋದರೆ ಎರಡೂ ಭಾಗ ಒಟ್ಟಿಗೆ ಎಚ್ಚರಗೊಳ್ಳುತ್ತಿದ್ದವು, ಏಕೆಂದರೆ ಮೈಕ್ರೋವೇವ್ ಗಾಜನ್ನೂ ಪ್ಲೈವುಡ್ ಪಾರ್ಟಿಷನ್ನನ್ನೂ ದಾಟಿ ನೋಡುತ್ತದೆ. ಏಪ್ರಿಲ್‌ನಲ್ಲಿ ಶೀಟಿನ ಗೋದಾಮಿನ ಒಳಗಿನ ಶಾಖ ಮೈಶಾಖಕ್ಕೆ ಸಮನಾಗುವುದರಿಂದ ಪಿಐಆರ್‌ಗೆ ಮನುಷ್ಯನೇ ಕಾಣುವುದಿಲ್ಲ. ಅದಕ್ಕೆಂದು ಸೆನ್ಸಿಟಿವಿಟಿ ಏರಿಸಿದರೆ ರಾತ್ರಿ ತಂಪಾದಾಗ ಹೆಗ್ಗಣ ಓಡಿದರೂ ಕೂಗುತ್ತದೆ. ಆಷಾಢದ ಗಾಳಿಯಂತೂ ಶಟರ್ ತೆರೆದದ್ದನ್ನು ತಿಳಿಸುವ ಮ್ಯಾಗ್ನೆಟ್‌ಗಳಿಗೆ ವೈರಿಯೇ ಸರಿ. ಶಟರ್ ಜಾರುವ ಗೈಡ್ ಚಾನಲ್‌ನಲ್ಲಿ ಅರ್ಧ ಇಂಚು ಸಡಿಲವಿದ್ದರೆ ಪಟ್ಟಿಗಳು ಬಡಿದುಕೊಂಡು ಮ್ಯಾಗ್ನೆಟ್ ಕ್ಷಣಕಾಲ ದೂರ ಸರಿಯುತ್ತದೆ. ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಚಾನಲ್‌ನ ಒಳಮೈಗೆ ಎರಡೂ ಕಡೆ ಅಂಟಿಸಿದ ಮೇಲೆ ಆ ಬಡಿತ ನಿಂತಿತು. ಇದಕ್ಕೆ ತಗಲುವುದು ಹತ್ತಿಪ್ಪತ್ತು ರೂಪಾಯಿ.

ನನ್ನ ಕ್ರಮ ಇಷ್ಟೆ. ಬೇರೆ ಬೇರೆ ಬಗೆಯ ಎರಡು ಝೋನ್‌ಗಳು, ಎಂದರೆ ಶಟರ್ ಮತ್ತು ಒಳಗಿನ ಸೆನ್ಸರ್, ನಿಗದಿತ ಅವಧಿಯೊಳಗೆ ಎರಡೂ ಎಚ್ಚರಗೊಂಡರೆ ಮಾತ್ರ ಹೂಟರ್, ಅಂದರೆ ಸೈರನ್. ಒಂದೇ ಎಚ್ಚರಗೊಂಡರೆ ಮಾಲೀಕರಿಗೂ ಪಕ್ಕದ ಅಂಗಡಿಯವರಿಗೂ ಸದ್ದಿಲ್ಲದೆ ಕರೆ. ಆ ಅವಧಿ ಎಷ್ಟು, ಎರಡನೆಯ ಸೆನ್ಸರ್ ಯಾವ ಎತ್ತರದಲ್ಲಿ ಯಾವ ಕಡೆಗೆ ಮುಖ ಮಾಡಿರುತ್ತದೆ ಎಂಬುದನ್ನು ನಾನು ಬರೆಯುವುದಿಲ್ಲ; ಈ ಬರಹವನ್ನು ಅಂಗಡಿಯವರಷ್ಟೇ ಓದುತ್ತಾರೆಂದು ಹೇಳಲಾಗದು. ತಾನಾಗಿ ಕರೆ ಮಾಡುವ ಡಯಲರ್‌ನಲ್ಲಿದ್ದ ಪೊಲೀಸರ ಸಂಖ್ಯೆಗಳನ್ನೆಲ್ಲ ಅಳಿಸಿದೆ. ಕರೆ ಬಂದವರು ಮೊಬೈಲ್‌ನಲ್ಲಿ ಕ್ಯಾಮೆರಾ ನೋಡಿ, ಮನುಷ್ಯ ಕಂಡರಷ್ಟೇ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಬೇಕು. ಒಂದೇ ಹೊತ್ತಿಗೆ ನೂರು ಜನ ಅಥವಾ ದಿನಕ್ಕೆ 500 ಜನ ಸೇರುವ ಸ್ಥಳಗಳಲ್ಲಿ ಕ್ಯಾಮೆರಾ ಇರಬೇಕೆಂದು 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುವುದರಿಂದ ದೊಡ್ಡ ಜವಳಿ ಅಂಗಡಿಗಳಲ್ಲಿ ಅವು ಮೊದಲೇ ಇದ್ದವು, ಅಲ್ಲಿ ಹೊಸ ಖರ್ಚು ಬೀಳಲಿಲ್ಲ.

ಆದರೂ ಯಂತ್ರದಿಂದ ಅರ್ಧ ಕೆಲಸ ಮಾತ್ರ ಆಗುತ್ತದೆ, ಉಳಿದರ್ಧಕ್ಕೆ ಕಟ್ಟುಪಾಡು ಬೇಕು. ಸುಳ್ಳು ಅಲಾರಂಗೆ ನಮ್ಮ ಪೇಟೆಯಲ್ಲಿ ಯಾರಿಗೂ ದಂಡ ಬಿದ್ದದ್ದನ್ನು ನಾನು ಕಂಡಿಲ್ಲ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ 2000ದಲ್ಲೇ, ಕಳ್ಳತನದ ಅಲಾರಂ ಬಂದರೆ ಯಾರಾದರೂ ಖಚಿತಪಡಿಸದ ಹೊರತು ಪೊಲೀಸರು ಬರುವುದಿಲ್ಲವೆಂಬ ನಿಯಮವಾಯಿತು. ಬ್ರಿಟನ್ನಿನ ಪೊಲೀಸರು 12 ತಿಂಗಳಲ್ಲಿ ಮೂರು ಸುಳ್ಳು ಕರೆಯಾದರೆ ಆ ಅಲಾರಂಗೆ ಸ್ಪಂದಿಸುವುದನ್ನೇ ನಿಲ್ಲಿಸುತ್ತಾರೆ. ಈ ಮೂರರ ಲೆಕ್ಕವನ್ನೇ ನಾನು ಬೀದಿಯ ವರ್ತಕರ ಮುಂದಿಟ್ಟೆ: ವರ್ಷದಲ್ಲಿ ಮೂರು ಸುಳ್ಳು ಕೂಗಾದರೆ ರಿಪೇರಿಯಾಗುವವರೆಗೆ ಆ ಅಂಗಡಿಯ ಹೂಟರ್ ತಂತಿ ಬಿಚ್ಚಬೇಕು, ಪ್ರತಿ ಸುಳ್ಳಿಗೂ 200 ರೂಪಾಯಿ ಗೂರ್ಖಾನ ಸಂಬಳದ ನಿಧಿಗೆ ಹೋಗಬೇಕು. 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ವಾಣಿಜ್ಯ ಪ್ರದೇಶದ ರಾತ್ರಿಯ ಮಿತಿ 55 ಡೆಸಿಬಲ್. ನಮ್ಮ ಹೂಟರ್‌ಗಳು ಹತ್ತಿರದಲ್ಲಿ ನೂರು ದಾಟುತ್ತವೆ. ಈ ಅಂಕಿಗಳನ್ನು ಹೇಳಿದ ಮೇಲೆ ಮೂರು ನಿಮಿಷಕ್ಕೆ ಹೂಟರ್ ತಾನಾಗಿ ನಿಲ್ಲಬೇಕೆಂಬುದಕ್ಕೂ ಎಲ್ಲರೂ ಸಹಿ ಹಾಕಿದರು.

ಈ ನಡುವೆ ಮಂಡಕ್ಕಿ ಭಟ್ಟಿಯೊಂದರಲ್ಲೂ ಪ್ರಯೋಗ ಮಾಡಿದೆ. ಬಿಸಿಮರಳಿನ ಹಬೆ, ಹೊಟ್ಟಿನ ಹೊಗೆಗಳ ನಡುವೆ ಯಾವ ಚಲನೆಯ ಸೆನ್ಸರೂ ನಿಲ್ಲಲಿಲ್ಲ. ಬಾಗಿಲಿಗೊಂದು, ಅಕ್ಕಿ ಚೀಲದ ಕೋಣೆಗೊಂದು ಮ್ಯಾಗ್ನೆಟ್ ಹಾಕಿ ಸುಮ್ಮನಾಗಬೇಕಾಯಿತು.

ಸೆನ್ಸರ್ ತಂತಿಗಳೆಲ್ಲ ಬಂದು ಸೇರುವ ಹಳೆಯ ಪ್ಯಾನಲ್ ಚೆನ್ನಾಗಿದ್ದರೆ ಒಂದು ಅಂಗಡಿಯ ಬದಲಾವಣೆಗೆ ನಾಲ್ಕೈದು ಸಾವಿರ ಸಾಕು, ಬ್ಯಾಟರಿ ಹೋಗಿದ್ದರೆ ಇನ್ನೊಂದು ಸಾವಿರ. ವರ್ಷದ ಎಎಂಸಿ, ಅಂದರೆ ನಿರ್ವಹಣೆಯ ಶುಲ್ಕ, ಎಂದು ಪಡೆಯುವ ಸುಮಾರು 2,500ರಲ್ಲಿ ಹಿಂದೆ ಅರ್ಧದಷ್ಟು ರಾತ್ರಿ ಓಡಾಟದ ಪೆಟ್ರೋಲಿಗೂ ಹುಡುಗರ ಬಾಟಾಕ್ಕೂ ಹೋಗುತ್ತಿತ್ತು; ಈಗ ಅದು ಕೈಯಲ್ಲಿ ಉಳಿಯುತ್ತಿದೆ. ಕಳೆದ ಮಳೆಗಾಲದಲ್ಲಿ ಆ ಹಿರಿಯ ವರ್ತಕರ ಹಿಂಬಾಗಿಲಿನ ಚಿಲಕವನ್ನು ಯಾರೋ ಮೀಟಿದಾಗ ಹೂಟರ್ ಕೂಗಿರಲಿಲ್ಲ, ಅವರ ಮಗ ಮೊಬೈಲ್‌ನಲ್ಲಿ ನೋಡಿ 112ಕ್ಕೆ ಹೇಳಿದ. ಮೀಟುಗೋಲು ಹಿಡಿದವನು ಒಳಗೆ ಕಾಲಿಡುವ ಮೊದಲೇ ಸಿಕ್ಕಿಬಿದ್ದ. ಚಿತ್ರದುರ್ಗದ ಕೆಲವು ಅಂಗಡಿಯವರು ಈಗ ದರಪಟ್ಟಿ ಕೇಳಿದ್ದಾರೆ. ಇಡೀ ಸಾಲು ಕರಾರಿಗೆ ಸಹಿ ಹಾಕಿದ ಮೇಲೆಯೇ ಸಾಮಾನು ತರಿಸುತ್ತೇನೆಂದು ಅವರಿಗೆ ತಿಳಿಸಿದ್ದೇನೆ.