ಐಟಿ ಲೀಡರ್‌ಶಿಪ್ ಪ್ರೋಗ್ರಾಂ: ಸೇರುವ ದಾರಿ, ಸೇರಿದ ಮೇಲಿನ ಎರಡು ವರ್ಷ

ಕ್ಯಾಂಪಸ್‌ಗೆ ಬರುವ ಕೆಲವು ದೊಡ್ಡ ಕಂಪನಿಗಳು ಹೊಸಬರನ್ನು ನೇರವಾಗಿ ಒಂದು ತಂಡಕ್ಕೆ ಸೇರಿಸದೆ, ಲೀಡರ್‌ಶಿಪ್ ಪ್ರೋಗ್ರಾಂಗೆ ಆರಿಸಿಕೊಳ್ಳುತ್ತವೆ. ಅಮೆರಿಕದ ಜಿಇಯ (ಜನರಲ್ ಎಲೆಕ್ಟ್ರಿಕ್) ಡಿಜಿಟಲ್ ಟೆಕ್ನಾಲಜಿ ಲೀಡರ್‌ಶಿಪ್ ಪ್ರೋಗ್ರಾಂ ಇದಕ್ಕೆ ಹೆಸರಾದ ಉದಾಹರಣೆ. ಹಳಬರು ಅದನ್ನು ಐಎಂಎಲ್‌ಪಿ (ಇನ್ಫರ್ಮೇಶನ್ ಮ್ಯಾನೇಜ್‌ಮೆಂಟ್ ಲೀಡರ್‌ಶಿಪ್ ಪ್ರೋಗ್ರಾಂ) ಎಂಬ ಹಳೆಯ ಹೆಸರಿನಿಂದಲೇ ಬಲ್ಲರು. ಜಾನ್ಸನ್ ಅಂಡ್ ಜಾನ್ಸನ್‌ನಲ್ಲೂ ಐಟಿಗೆಂದೇ ಇಂಥದ್ದೊಂದಿದೆ. ಎರಡು ವರ್ಷದ ಅವಧಿಯಲ್ಲಿ ಸಾಮಾನ್ಯವಾಗಿ ಆರಾರು ತಿಂಗಳಿಗೆ ತಂಡ, ಕೆಲಸ, ಮ್ಯಾನೇಜರ್ ಎಲ್ಲ ಬದಲು. ಒಮ್ಮೆ ಸೈಬರ್ ಸೆಕ್ಯುರಿಟಿ, ಇನ್ನೊಮ್ಮೆ ಡೇಟಾ, ಮತ್ತೊಮ್ಮೆ ಕಾರ್ಖಾನೆಯ ಇಆರ್‌ಪಿ, ಅಂದರೆ ಖರೀದಿ, ದಾಸ್ತಾನು, ಲೆಕ್ಕಪತ್ರ ಎಲ್ಲವನ್ನೂ ಒಂದೆಡೆ ನಡೆಸುವ ಸಾಫ್ಟ್‌ವೇರ್. ಹೆಸರಿನಲ್ಲಿ ಲೀಡರ್‌ಶಿಪ್ ಇದೆ ಎಂದು ಮೊದಲ ದಿನವೇ ನಿಮ್ಮ ಕೈಕೆಳಗೆ ಜನ ಇರುವುದಿಲ್ಲ. ಆರು ತಿಂಗಳಲ್ಲಿ ಮುಗಿಸಿ ತೋರಿಸಬಹುದಾದ ಒಂದು ಕೆಲಸ ಇರುತ್ತದೆ, ಅಷ್ಟೆ.

ಅರ್ಜಿಗೆ ಮುಂಚೆ ಯಾವ ಕಂಪನಿ ಎಂಬುದನ್ನು ಸರಿಯಾಗಿ ನೋಡಿಕೊಳ್ಳಿ. ಜಿಇ ಹೆಲ್ತ್‌ಕೇರ್ 2023ರ ಜನವರಿಯಲ್ಲಿ, ವಿದ್ಯುತ್ ಕ್ಷೇತ್ರದ ಜಿಇ ವರ್ನೋವಾ 2024ರ ಏಪ್ರಿಲ್‌ನಲ್ಲಿ ಬೇರೆಯಾದವು. ಉಳಿದದ್ದು ಜಿಇ ಏರೋಸ್ಪೇಸ್. ಮೂರೂ ಈಗ ಪ್ರತ್ಯೇಕ ಕಂಪನಿಗಳು. ಆಸ್ಪತ್ರೆಯ ಸ್ಕ್ಯಾನರ್ ಮಾಡುವವರ ಮುಂದೆ ವಿಮಾನದ ಎಂಜಿನ್ ಬಗ್ಗೆ ಆಸಕ್ತಿ ತೋರಿಸಿದರೆ, ನೀವು ಓದಿಕೊಂಡು ಬಂದಿಲ್ಲ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಸಿದ್ಧತೆ ಐದನೇ ಸೆಮಿಸ್ಟರ್‌ನಲ್ಲೇ ಶುರುವಾಗಲಿ. ಇಂಥ ಪ್ರೋಗ್ರಾಂಗಳ ಎಷ್ಟೋ ಸೀಟುಗಳು ಇಂಟರ್ನ್‌ಶಿಪ್ ಮಾಡಿದವರಿಗೇ ಹೋಗುತ್ತವೆ. ಏಳನೇ ಸೆಮಿಸ್ಟರ್‌ನ ಪ್ಲೇಸ್‌ಮೆಂಟ್‌ಗೆ ಕಾದು ಕೂತರೆ ಉಳಿದದ್ದಕ್ಕೆ ಪೈಪೋಟಿ ಮಾಡಬೇಕಾಗುತ್ತದೆ. ಸಿಜಿಪಿಎ ಮಿತಿ, ಬ್ಯಾಕ್‌ಲಾಗ್ ಷರತ್ತು ಎರಡನ್ನೂ ಪ್ಲೇಸ್‌ಮೆಂಟ್ ಸೆಲ್‌ನಲ್ಲಿ ಬರಹದಲ್ಲೇ ನೋಡಿ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸಿಜಿಪಿಎಯನ್ನು ಶೇಕಡಾವಾರಿಗೆ ಬದಲಿಸುವಾಗ ನಿಮ್ಮ ಸ್ಕೀಮ್‌ಗೆ (ನೀವು ಓದಿದ ಪಠ್ಯಕ್ರಮಕ್ಕೆ) ವಿಶ್ವವಿದ್ಯಾಲಯ ಕೊಟ್ಟಿರುವ ಸೂತ್ರವನ್ನೇ ಬಳಸಿ. ಅಂಕಪಟ್ಟಿಗೂ ಅರ್ಜಿಗೂ ತಾಳೆಯಾಗದಿದ್ದರೆ ಆಫರ್ ಬಂದ ಮೇಲೂ ದಾಖಲೆ ಪರಿಶೀಲನೆಯಲ್ಲಿ ತೊಂದರೆಯಾಗುತ್ತದೆ.

ರೆಸ್ಯೂಮೆ ಒಂದೇ ಪುಟ ಇರಲಿ. "ಪೈಥಾನ್ ಬಲ್ಲೆ" ಎನ್ನುವ ಬದಲು ಪೈಥಾನ್‌ನಲ್ಲಿ ಏನು ಕಟ್ಟಿದಿರಿ, ಯಾರು ಬಳಸಿದರು, ಏನು ಬದಲಾಯಿತು ಎಂದು ಬರೆಯಿರಿ. ಕಾಲೇಜು ಲೈಬ್ರರಿಯ ಕೈಬರಹದ ಲೆಡ್ಜರನ್ನು ಡೇಟಾಬೇಸ್‌ಗೆ ತಂದಿದ್ದರೆ, ಎಲ್ಲಿಂದಲೋ ನಕಲು ಮಾಡಿದ ಮುಖ ಗುರುತಿಸುವ ಪ್ರಾಜೆಕ್ಟ್‌ಗಿಂತ ಅದಕ್ಕೇ ಹೆಚ್ಚು ಬೆಲೆ.

ಸಂದರ್ಶನದಲ್ಲಿ ಕೋಡಿಂಗ್ ಜೊತೆಗೆ "ತಂಡದಲ್ಲಿ ಒಬ್ಬ ಕೆಲಸ ಮಾಡದಿದ್ದಾಗ ಏನು ಮಾಡಿದಿರಿ" ಎಂಬಂಥ ಪ್ರಶ್ನೆಗಳು ಖಂಡಿತ. ನಡೆದ ಐದಾರು ಪ್ರಸಂಗಗಳನ್ನು ಬರೆದಿಟ್ಟುಕೊಳ್ಳಿ: ಸನ್ನಿವೇಶ ಏನು, ನಿಮ್ಮ ಹೊಣೆ ಏನು, ಮಾಡಿದ್ದೇನು, ಫಲ ಏನು. ಪ್ರತಿಯೊಂದೂ ಎರಡು ನಿಮಿಷದೊಳಗೆ ಮುಗಿಯಬೇಕು. ಹೆಚ್ಚಿನವರು ಎಡವುವುದು ಸನ್ನಿವೇಶವನ್ನೇ ಎಳೆದಾಡಿ, ತಾವು ಮಾಡಿದ್ದನ್ನು "ನಾವೆಲ್ಲ ಸೇರಿ" ಎಂದು ಮುಗಿಸುವುದರಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷ್‌ಗೆ ಹೆದರಿ ಉತ್ತರ ಬಾಯಿಪಾಠ ಮಾಡಬಾರದು. ಮಧ್ಯೆ ಒಂದು ಪ್ರಶ್ನೆ ಬಂದರೆ ಎಲ್ಲ ಮರೆತುಹೋಗುತ್ತದೆ. ಪ್ರಸಂಗವನ್ನು ಮೊದಲು ಕನ್ನಡದಲ್ಲಿ ಸ್ಪಷ್ಟಮಾಡಿಕೊಂಡು, ಆಮೇಲೆ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಜೋರಾಗಿ ಹೇಳಿ ಅಭ್ಯಾಸ ಮಾಡಿ.

ಆಫರ್ ಕೈಗೆ ಬಂದಾಗ ಸಿಟಿಸಿಯ (ನಿಮಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಅಂಕಿಗೆ ಮರುಳಾಗಬೇಡಿ. ಪ್ರತಿ ತಿಂಗಳು ಬರುವ ಸಂಬಳ ಎಷ್ಟು, ಇಂತಿಷ್ಟು ಕಾಲ ಕೆಲಸ ಬಿಡುವಂತಿಲ್ಲ ಎಂಬ ಬಾಂಡ್ ಇದೆಯೇ, ಮಧ್ಯದಲ್ಲಿ ಬಿಟ್ಟರೆ ಜಾಯ್ನಿಂಗ್ ಬೋನಸ್ ವಾಪಸ್ ಕೊಡಬೇಕೇ, ಊರು ಬದಲಾದರೆ ಖರ್ಚು ಯಾರದು, ಎರಡು ವರ್ಷದ ಬಳಿಕ ಹುದ್ದೆ ಖಾತ್ರಿಯೇ ಎಂದು ಎಚ್‌ಆರ್‌ಗೆ ಮೇಲ್‌ನಲ್ಲೇ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಇನ್ನು ಸೇರಿದ ಮೇಲೆ. ಆರು ತಿಂಗಳೆಂದರೆ ಸುಮಾರು 26 ವಾರ, ಅದರಲ್ಲಿ ಮೊದಲ ಮೂರು-ನಾಲ್ಕು ವಾರ ಅನುಮತಿಗಳಲ್ಲೇ ಕಳೆದುಹೋಗುವುದುಂಟು. ಡೇಟಾಬೇಸ್, ಸರ್ವರ್, ಟಿಕೆಟ್ ವ್ಯವಸ್ಥೆ ಪ್ರತಿಯೊಂದಕ್ಕೂ ಬೇರೆ ಬೇರೆ ಅನುಮೋದನೆ ಬೇಕಾಗಬಹುದು. ಮುಂದಿನ ಮ್ಯಾನೇಜರ್ ಯಾರೆಂದು ತಿಳಿದ ದಿನವೇ ಯಾವ ಯಾವ ಆಕ್ಸೆಸ್ ಬೇಕೆಂಬ ಪಟ್ಟಿ ಕೇಳಿ, ಹಳೆಯ ತಂಡದಲ್ಲಿರುವಾಗಲೇ ಕೋರಿಕೆ ಹಾಕಿ. ಎರಡನೇ ವಾರದೊಳಗೆ ಮೂರು ಗುರಿ ಬರೆದು ಮ್ಯಾನೇಜರ್ ಒಪ್ಪಿಗೆ ಪಡೆಯಿರಿ. ಈ ಒಪ್ಪಿಗೆ ಇಲ್ಲದಿದ್ದರೆ ತಂಡದ ಚಿಲ್ಲರೆ ಕೆಲಸಗಳೆಲ್ಲ ನಿಮ್ಮ ಪಾಲಿಗೆ ಬಂದು, ಕೊನೆಯ ಪ್ರೆಸೆಂಟೇಶನ್‌ನಲ್ಲಿ ತೋರಿಸಲು ಏನೂ ಉಳಿಯುವುದಿಲ್ಲ. ಮೂರನೇ ತಿಂಗಳಲ್ಲಿ ಒಮ್ಮೆ ಕೂತು ಗುರಿಗಳನ್ನು ಪರಿಶೀಲಿಸಿ; ಆಗದ್ದನ್ನು ಆಗಲೇ ಕೈಬಿಡಿ. ಕೊನೆಯ ಮೂರು ವಾರ ಹೊಸ ಕೋಡ್ ಬೇಡ, ದಾಖಲೆ ಮತ್ತು ಹಸ್ತಾಂತರ ಮಾತ್ರ. ಹಾಗೆ ಮಾಡದಿದ್ದರೆ ಮುಂದಿನ ತಂಡದಲ್ಲಿದ್ದರೂ ಹಳೆಯ ತಂಡದ ಫೋನ್ ನಿಲ್ಲುವುದಿಲ್ಲ.

ನಾಲ್ಕು ಸರದಿಯಲ್ಲಿ ಕನಿಷ್ಠ ಒಂದನ್ನು ಕೋಡಿಂಗ್ ಆಳವಾಗಿರುವ ಕಡೆ, ಒಂದನ್ನು ಕಾರ್ಖಾನೆ ಅಥವಾ ಹಣಕಾಸಿನವರ ಜೊತೆ ಮಾಡಿ. ನಾಲ್ಕೂ ಕಡೆ ಬರೀ ಪ್ರಾಜೆಕ್ಟ್ ನಿರ್ವಹಣೆ ಮಾಡಿದವರಿಗೆ ಹೊರಗೆ ಕೆಲಸ ಹುಡುಕುವುದು ಕಷ್ಟ. ಕಂಪನಿ ನೋಡುವುದು ಕೈಯಲ್ಲಿರುವ ಕಸುಬನ್ನು. ಅಂತಿಮ ಹುದ್ದೆಯ ಮಾತುಕತೆಯನ್ನು 18ನೇ ತಿಂಗಳಿಗೇ ಶುರುಮಾಡಿ, ಹಿಂದಿನ ಮೂವರು ಮ್ಯಾನೇಜರ್‌ಗಳಿಗೂ ನಿಮಗೆ ಯಾವ ಬಗೆಯ ಕೆಲಸ ಬೇಕೆಂದು ತಿಳಿಸಿ. ಹುದ್ದೆ ಪ್ರಕಟವಾಗುವ ಮೊದಲೇ ಅದರ ಸುದ್ದಿ ಅವರಿಗೆ ಸಿಕ್ಕಿರುತ್ತದೆ.